ಕೋಟಿನ ವೆಂಕಟೇಶ್, ಟೀ ಶರ್ಟಿನ ವೆಂಕಟೇಶ್

ಅಮೆರಿಕದ ವುಡಿನ್‌ವಿಲ್‌ನ ನಮ್ಮ ಎರಡಂತಸ್ತಿನ ಮನೆಯನ್ನು ಮಾರತಕ್ಕದ್ದೆಂದು ನನ್ನ ಅತ್ತೆ ಸಾಕಮ್ಮನವರ ಎರಡೂ ಮಂಡಿಗಳು ಸರ್ವಾನುಮತದಿಂದ ತೀರ್ಮಾನಿಸಿದವು. ಈಸ್ಟ್‌ಗೇಟ್‌ನಲ್ಲಿ ಮೆಟ್ಟಿಲೇ ಇಲ್ಲದ ಮನೆಯೊಂದನ್ನು ನೋಡಿಟ್ಟಿದ್ದೆವು. ತಿಂಗಳ ಕೊನೆಯ ಭಾನುವಾರದೊಳಗೆ ನಮ್ಮದಕ್ಕೆ ಗಿರಾಕಿ ಗೊತ್ತಾದರೆ ಅದು ನಮಗೆ, ಇಲ್ಲವಾದರೆ ಬೇರೆಯವರಿಗೆ.

ಏಜೆಂಟರ ಆಯ್ಕೆಯಲ್ಲಿ ಮನೆಯೊಳಗೆ ಎರಡು ಪಕ್ಷಗಳಾದವು. ನನ್ನ ಗಂಡ ಧನಂಜಯ, ವೆಂಕಟೇಶ್ ಪರ. ವೆಂಕಟೇಶ್ ವಾರವಿಡೀ ಸಾಫ್ಟ್‌ವೇರ್, ಶನಿವಾರ ಭಾನುವಾರ ಕೋಟು ತೊಟ್ಟು ರಿಯಲ್ ಎಸ್ಟೇಟ್. ನಾವು ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿನಿಂದ ಕರೆದೊಯ್ದು ಬಿಸಿಬೇಳೆಬಾತ್ ಬಡಿಸಿದವನು. ಅಂಥವನಿಗೆ ಬೇಡ ಅನ್ನುವ ಕ್ರಮ ನಮ್ಮಲ್ಲಿಲ್ಲ. ನಾನು ಆನ್‌ಲೈನ್ ಕಂಪನಿಯ ಪರ. ಕಮಿಷನ್ ಅರ್ಧ, ಮುಲಾಜು ಸೊನ್ನೆ.

"ಹಾಗಿದ್ರೆ ಅವನಿಗೆ ಬೇಡ ಅಂತ ನೀನೇ ಹೇಳು," ಅಂದ ಧನಂಜಯ.

ನಾನು ವೆಂಕಟೇಶ್‌ಗೆ "ನೋಡೋಣ" ಅಂದೆ. ಸದರಿ ಮಾತನ್ನು ಒಪ್ಪಿಗೆಯೆಂದು ಪರಿಗಣಿಸಿ ಅವನು ಅಂಗಳದಲ್ಲಿ ಬೋರ್ಡು ನೆಟ್ಟ. ನಾನು ಆನ್‌ಲೈನ್‌ನಲ್ಲೂ ಸಹಿ ಹಾಕಿದೆ. "ತಮ್ಮ ಸ್ಥಳೀಯ ಪ್ರತಿನಿಧಿಯು ಸದ್ಯದಲ್ಲೇ ಭೇಟಿ ನೀಡುವರು" ಎಂಬ ಪ್ರಕಟಣೆ ಬಂತು.

ಪ್ರತಿನಿಧಿ ಬಂದರು. ಕಂಪನಿಯ ಹಸಿರು ಟೀ ಶರ್ಟು ತೊಟ್ಟ ವೆಂಕಟೇಶ್.

"ನೀನೇನೋ ಇಲ್ಲಿ?" ಅಂದ ಧನಂಜಯ.

"ಸೈಡಲ್ಲಿ ಇದೂ ಮಾಡ್ತೀನಿ ಸರ್. ಆದ್ರೆ ಈ ಟೀ ಶರ್ಟಲ್ಲಿರೋವಾಗ ನಂಗೆ ನಿಮ್ಮ ಪರಿಚಯ ಇಲ್ಲ. ಕಂಪನಿ ರೂಲ್ಸು." ಆಮೇಲೆ ಕಿಟಕಿಯಿಂದ ತನ್ನದೇ ಬೋರ್ಡು ನೋಡಿ, "ಇವರನ್ನ ನಂಬಬೇಡಿ. ಕಮಿಷನ್ ಜಾಸ್ತಿ ತಗೋತಾರೆ," ಅಂದ.

ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಿಂದ ಅಹ್ಸಾನ್, ನೂರೈನ್ ದಂಪತಿ ಬಂದು ಮನೆ ಮೆಚ್ಚಿ ಒಳ್ಳೆಯ ಬೆಲೆ ಹೇಳಿದರು. ಟೀ ಶರ್ಟು "ಒಪ್ಪಿಕೊಳ್ಳಿ" ಎಂದಿತು. ಗರಾಜಿಗೆ ಹೋಗಿ ಬದಲಾಗಿ ಬಂದ ಕೋಟು "ಕಾಯಿರಿ, ಇನ್ನೂ ಏರತ್ತೆ" ಎಂದಿತು. ಉಭಯ ಏಜೆಂಟರ ಸಹಮತವಿಲ್ಲದೆ ಮುಂದುವರಿಯತಕ್ಕದ್ದಲ್ಲ ಎಂಬ ನಿಯಮವನ್ನೂ ಕೋಟೇ ತಿಳಿಸಿತು.

"ಇಬ್ಬರೂ ಕೂತು ಮಾತಾಡ್ಕೊಳ್ಳಿ," ಅಂದೆ.

"ಆ ಮನುಷ್ಯ ಫೋನೇ ಎತ್ತಲ್ಲ ಅತ್ತಿಗೆ," ಎಂದಿತು ಕೋಟು.

ಕೊನೆಯ ಭಾನುವಾರವೂ ಬಂತು. ಸಂಜೆ ಅತ್ತೆ ಮಹಡಿಯಿಂದ ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಕೆಳಗೆ ಬಂದರು.

"ವೆಂಕಟೇಶ, ಅದೂ ಬಿಚ್ಚು, ಇದೂ ಬಿಚ್ಚು. ಬನೀನಲ್ಲಿ ಕೂತು ಹೇಳಪ್ಪ. ಇದು ನಿಮ್ಮಮ್ಮನ ಮಂಡಿ ಆಗಿದ್ರೆ ಏನು ಮಾಡ್ತಿದ್ದೆ?"

ವೆಂಕಟೇಶ್ ಬನಿಯನ್ನಿನಲ್ಲಿ ಸೋಫಾದ ತುದಿಗೆ ಕೂತ. "ಮಾರ್‌ಬಿಡಿ ಅಮ್ಮ," ಅಂದ.

ಬನಿಯನ್ನಿಗೆ ಏಜೆಂಟ್ ಲೈಸೆನ್ಸ್ ಇಲ್ಲದಿದ್ದುದರಿಂದ ಅದನ್ನು ಸಲಹೆಗಾರರೆಂದು ಪರಿಗಣಿಸಿ ಪ್ರತ್ಯೇಕ ಶುಲ್ಕ ನಿಗದಿಪಡಿಸಲಾಯಿತು. ಮೂವರಿಗೂ ಕೊಟ್ಟೆವು. ಮೂವರೂ ಥ್ಯಾಂಕ್ಸ್ ಹೇಳಿದರು.

ಈಗ ಈಸ್ಟ್‌ಗೇಟ್‌ನಲ್ಲಿ ಅತ್ತೆ ಅಡುಗೆಮನೆಗೂ ಹಿತ್ತಲಿಗೂ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಾರೆ. ನಮ್ಮ ಕಡೆಯವರು ಮನೆ ಮಾರುವಾಗ ಕೋಟೋ ಟೀ ಶರ್ಟೋ ಎಂದು ಈಗ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎರಡನ್ನೂ ಗೊತ್ತುಮಾಡಿ, ಬನಿಯನ್ ಯಾವಾಗ ಬಿಡುವಾಗಿದೆ ಎಂದು ವಿಚಾರಿಸುತ್ತಾರೆ. ಮೊನ್ನೆ ಗೆಳತಿ ಮೇಘನಾ ಫೋನ್ ಮಾಡಿದ್ದಳು. ಡಿಸೆಂಬರಿನಲ್ಲಿ ಬನಿಯನ್ ರೇಟು ಸ್ವಲ್ಪ ಜಾಸ್ತಿ, ಚಳಿ ಅಲ್ವಾ, ಅಂದೆ. ಅದು ನ್ಯಾಯವೇ ಅಂದಳು.