ನಿಂತಲ್ಲಿ ನಿಲ್ಲದ ಕಾರು, ಕೂತಲ್ಲಿ ಕೂರದ ಮಾವ

ನಮ್ಮ ಸೋದರಮಾವ ಸುಮ್ಮನೆ ನಿಂತದ್ದನ್ನು ನಾನು ಇಡೀ ಜೀವಮಾನದಲ್ಲಿ ಒಂದೇ ಸಲ ನೋಡಿದ್ದೇನೆ. ಅದೂ ತೆಕ್ಕಲಕೋಟೆಯ ದಾರಿಯಲ್ಲಿ, ಉರಿಬಿಸಿಲಿನಲ್ಲಿ, ಕೈಯಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಹಿಡಿದುಕೊಂಡು! ಹೇಳಿದರೆ ನಮ್ಮ ಮನೆಯವರೇ ನಂಬುವುದಿಲ್ಲ. "ಅವ ನಿಂತಿದ್ನಾ? ಹೋಗ ಹೋಗ, ಮತ್ಯಾರನ್ನೋ ನೋಡಿರಬೇಕು ನೀನು" ಎನ್ನುತ್ತಾರೆ.

ನಂಬದಿರುವುದು ಅವರ ತಪ್ಪಲ್ಲ ಬಿಡಿ. ಮಾವ ಊಟಕ್ಕೆ ಕೂತರೆ ರೊಟ್ಟಿ ಮುರಿಯುವಷ್ಟರಲ್ಲಿ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದ. ಪಲ್ಯ ಬಡಿಸಬೇಕಾದವರು ಅವನ ಹಿಂದೆ ಸೌಟು ಹಿಡಿದು ಓಡಬೇಕು. ಕ್ಷೌರದವನಂತೂ, "ಕಿವಿ ನಿಮ್ದು, ಕತ್ರಿ ನಂದು, ಆಮ್ಯಾಲೆ ನನ್ನ ಬೈಬ್ಯಾಡ್ರಿ ಮೇಷ್ಟ್ರ" ಎಂದು ಮೊದಲೇ ಕರಾರು ಮಾಡಿಕೊಂಡು ಕತ್ತರಿ ಎತ್ತುತ್ತಿದ್ದ. ಹೌದು, ಮಾವ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ದೇವರು ದಿಂಡರು ಅಂದರೆ ಆಗದು. ಅವನ ಹಣೆಯ ಮೇಲೆ ವಿಭೂತಿ ಕಂಡವರಿಲ್ಲ. ಯಾರಾದರೂ ಕೇಳಿದರೆ, "ಪ್ರಯೋಗದಾಗ ಸಿದ್ಧ ಆಗ್ಲಿ, ಆವಾಗ ಹಚ್ಕೋತೀನಿ" ಎಂಬುದು ಅವನ ಕಾಯಂ ಉತ್ತರ.

ಇಂಥವನ ಕೈಹಿಡಿದ ಅತ್ತೆ ಸಿರುಗುಪ್ಪ ಕಡೆಯ ರಾರಾವಿಯವಳು. ಮಾತು ಕಡಿಮೆ, ಪೂಜೆ ಜಾಸ್ತಿ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನಾನು ಅವರ ಮನೆಯಲ್ಲೇ ಇದ್ದೆ. ಎಪ್ಪತ್ತರ ದಶಕದ ಮಾತು. ಆ ಹೊತ್ತಿಗೆ ಸರಿಯಾಗಿ ಮಾವ ಒಂದು ಕಾರು ಕೊಂಡ!

ಕೊಂಡ ಅನ್ನುವುದಕ್ಕಿಂತ, ಒಬ್ಬ ಹತ್ತಿ ವ್ಯಾಪಾರಿ ಅವನ ಕೊರಳಿಗೆ ಕಟ್ಟಿದ ಅನ್ನಬೇಕು. "ಮೇಷ್ಟ್ರ, ಇದು ನಿಮ್ಮ ಸ್ವಭಾವಕ್ಕ ಹೊಂದತೈತ್ರಿ" ಎಂದು ಹೇಳಿಯೇ ಮಾರಿದ್ದನಂತೆ. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಆ ಕಾರೂ ಮಾವನಂತೆಯೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ! ರೈಲ್ವೆ ಗೇಟಿನ ಮುಂದೆ ಕೆಲವು ದಿನ ಬೆಕ್ಕಿನ ಹಾಗೆ ಗುರುಗುಡುತ್ತಾ ಇರುತ್ತಿತ್ತು. ಇನ್ನು ಕೆಲವು ದಿನ ಎರಡು ಸಲ ಕೆಮ್ಮಿ, ಮೈಯೆಲ್ಲ ನಡುಗಿಸಿ ಆರಿಹೋಗುತ್ತಿತ್ತು. ಒಂದು ದಿನ ಕೀಲಿ ತಿರುಗಿಸಿದೊಡನೆ ಹೊರಟರೆ, ಮಾರನೆಯ ದಿನ ಇಡೀ ಓಣಿ ಬಂದು ತಳ್ಳಬೇಕು. ಅದಕ್ಕೇ ಮಾವ ಬಜಾರಿನಲ್ಲಿ ಸೊಪ್ಪು ತರಲು ಇಳಿದರೂ ಇಂಜಿನ್ ಆರಿಸುತ್ತಿರಲಿಲ್ಲ. ಕೂತಲ್ಲಿಂದಲೇ ಕಾಲು ಚಾಚಿ ಎಕ್ಸಲರೇಟರ್ ಒತ್ತಿ ಹಿಡಿಯುವ ಕೆಲಸ ನನ್ನದು. ಮೆಂತ್ಯ ಚೌಕಾಸಿ ಮುಗಿಯುವಷ್ಟರಲ್ಲಿ ನನ್ನ ಮೀನಖಂಡ ಹಿಡಿದುಕೊಳ್ಳುತ್ತಿತ್ತು.

ಅತ್ತೆ ಕಾರು ಹತ್ತಬೇಕಾದರೆ ಅದಕ್ಕೆ ಪೂಜೆ ಆಗಲೇಬೇಕು. ಗಾಡಿ ಹೂಡುವ ಮೊದಲು ಎತ್ತುಗಳ ಹಣೆಗೆ ವಿಭೂತಿ ಹಚ್ಚುವುದು ಅವಳ ತವರಿನ ಪದ್ಧತಿ. ಕಾರಿಗೆ ಹಣೆ ಯಾವುದು? ಅದಕ್ಕೆ ಅವಳು ಎರಡು ದೀಪಗಳಿಗೆ, ಸ್ಟೇರಿಂಗಿಗೆ, ಹಿಂದೆ ಪೆಟ್ರೋಲ್ ಕುಡಿಯುವ ಅದರ ಬಾಯಿಯ ಮುಚ್ಚಳಕ್ಕೆ, ಎಲ್ಲದಕ್ಕೂ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದು, ನಡುವೆ ಹೆಬ್ಬೆರಳಿನಿಂದ ಕುಂಕುಮ ಒತ್ತುತ್ತಿದ್ದಳು.

"ಮಷೀನಿಗೆ ಎಂಥಾ ವಿಭೂತೀನ?" ಎಂದು ಮಾವ ರೇಗುತ್ತಿದ್ದ.

"ನೀವಂತೂ ಹಚ್ಚಾಕ ಬಿಡಂಗಿಲ್ಲ. ನಿಮ್ಮನ್ನ ಹೊತ್ಕೊಂಡು ತಿರಗತೈತಿ, ಅದಕ್ಕರ ಹಚ್ತೀನಿ" ಎನ್ನುತ್ತಿದ್ದಳು ಅತ್ತೆ. ಮಾವ ಉತ್ತರ ಹುಡುಕುತ್ತಾ ಅಂಗಳ ಸುತ್ತುತ್ತಿದ್ದ.

ಮೊದಲ ದೊಡ್ಡ ಪ್ರಯಾಣ ರಾರಾವಿಗೆ. ಅತ್ತೆಯ ತಮ್ಮನ ಬಸುರಿ ಹೆಂಡತಿಗೆ ಕುಬುಸದ ಶಾಸ್ತ್ರ. ಮಾವ, ಅತ್ತೆ, ನಾನು, ಜೊತೆಗೆ ನನ್ನ ದೊಡ್ಡವ್ವ, ಅಂದರೆ ಮಾವನ ಅಕ್ಕ. ಕುರುಗೋಡಿನ ಕ್ರಾಸ್ ದಾಟಿದ್ದೇ ತಡ, ಕಾರು ಕೆಮ್ಮಿ ನಿಂತಿತು. ಮಾವ ಬಸ್ಸೊಂದನ್ನು ಅಡ್ಡಹಾಕಿ ಕುರುಗೋಡಿಗೆ ಹೋಗಿ ಮೆಕ್ಯಾನಿಕ್ಕನ್ನು ಕರೆತಂದ. ಕಾರಿನ ಪೆಟ್ರೋಲ್ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು. ಹೀಗಾಗಿ ಯಾರೇ ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಬಿದಿರು ಕಡ್ಡಿ ಇಳಿಸಿ ಎಣ್ಣೆ ನೋಡಬೇಕು. ಅವನೂ ನೋಡಿದ. ಆಮೇಲೆ ಬಾನೆಟ್ ಎತ್ತಿ ಏನನ್ನೋ ಮರಳುಕಾಗದದಿಂದ ತಿಕ್ಕಿ, "ಪಾಯಿಂಟ್ ಸುಟ್ಟಿದ್ವು ನೋಡ್ರಿ, ಈಗ ಹೊಡೀರಿ" ಅಂದ. ಹೊರಟಿತು!

ಮತ್ತೆ ನಿಂತಿತು. ಭತ್ತದ ಲಾರಿಯ ಡ್ರೈವರೊಬ್ಬ ಇಳಿದು ಬಂದು, ಅವನೂ ಕಡ್ಡಿ ಇಳಿಸಿ ನೋಡಿ, "ಏಮೀ ಲೇದು ಸಾರೂ, ಅಂತಾ ವೇಡಿ! ಬರೀ ಕಾವು, ಬಿಸಿಲಿಗೆ ಪೆಟ್ರೋಲ್ ಹಬಿ ಆಗೈತಿ" ಎಂದು ಪಂಪಿಗೆ ಒದ್ದೆ ಬಟ್ಟೆ ಸುತ್ತಿದ. ಹೊರಟಿತು! ಸಿರುಗುಪ್ಪದ ಹತ್ತಿರ ಮತ್ತೆ ನಿಂತಾಗ ಸಿಕ್ಕ ಉಸ್ತಾದ್ ಕೂಡ ಕಡ್ಡಿ ಇಳಿಸಿ, ತಲೆ ಅಲ್ಲಾಡಿಸಿ, "ಕಂಡೆನ್ಸರ್ ಖಲಾಸ್" ಎಂದು ಹೊಸದು ಹಾಕಿದ. ಆಗಲೂ ಹೊರಟಿತು! ವೈದ್ಯರು ಮೂವರು, ರೋಗ ಮೂರು, ಮೂರೂ ವಾಸಿ. ಆದರೂ ರೋಗಿ ಮಾತ್ರ ಮಲಗುವುದು ಬಿಡಲಿಲ್ಲ.

ನಾವು ರಾರಾವಿ ಮುಟ್ಟಿದಾಗ ಶಾಸ್ತ್ರ ಮುಗಿದು, ಹೆಂಗಸರು ಆರತಿ ತಟ್ಟೆ ತೊಳೆಯುತ್ತಿದ್ದರು. ದೊಡ್ಡವ್ವ ಅಡುಗೆಮನೆಯಲ್ಲಿ ನಾಲ್ಕು ಜನರ ನಡುವೆ ಕೂತು, "ಅವನೊಬ್ನ ಹೋದ್ರ ಗಾಡಿ ಕುದುರಿಯಂಗ ಓಡತೈತಿ. ಈಕಿ ಕಾಲಿಟ್ಲು ಅಂದ್ರ ನಿಂತ್ಬಿಡತೈತಿ. ಕಾಲ್ಗುಣ ಅಂತಾರಲ್ಲ, ಸುಮ್ನ ಅಂತಾರೇನ್ವಾ?" ಅಂದಳು. ಮಕ್ಕಳಿಲ್ಲದವಳಿಗೆ ಆ ಮಾತು ಎಲ್ಲಿ ನಾಟುತ್ತದೆ ಎಂದು ದೊಡ್ಡವ್ವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಲ್ಲೇ ನಿಂತಿದ್ದ ಅತ್ತೆ ಕೇಳಿಸಿಕೊಂಡಳು. ನನಗೆ ದೊಡ್ಡವ್ವನ ಬಾಯಿಗೇ ಒದ್ದೆ ಬಟ್ಟೆ ಸುತ್ತಬೇಕು ಅನ್ನಿಸಿತು.

ಅತ್ತೆಯ ತಮ್ಮನಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದಾಗ ನಿಜವಾದ ಪೇಚು ಶುರುವಾಯಿತು. ತೊಟ್ಟಿಲಿನ ದಿನ ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ, ಅಂದರೆ ನಮ್ಮ ಅತ್ತೆಯೇ. ಅವಳು ಮಾತ್ರ, "ನಾ ಹೋಗಂಗಿಲ್ರಿ. ಕೂಸಿನ ಕೆಲಸಕ್ಕ ನನ್ನ ಕಾಲು ಬ್ಯಾಡ" ಅಂದುಬಿಟ್ಟಳು.

ಮಾವ ಕೆರಳಿದ. "ಕಾಲ್ಗುಣ ಇರೋದು ಕಾರ್ಬೋರೇಟರಿಗೆ, ನಿನಗಲ್ಲ! ಇದs ಕಾರಿನಾಗ ಕರಕೊಂಡು ಹೋಗ್ತೀನಿ. ಅದಕ್ಕ ಮುಂಚೆ ಪ್ರಯೋಗ ಮಾಡಿ ತೋರಸ್ತೀನಿ!"

ಪ್ರಯೋಗ ಹೇಗಿತ್ತು ಅಂತೀರಿ? ಮೊದಲು ಒಬ್ಬನೇ ಹತ್ತಿರದ ಮೋಕಕ್ಕೆ ಹೋಗಿ ಬಂದ. ಕಾರು ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಭಾರದ ತೊಂದರೆ ಇರಬಹುದೆಂದು ಅತ್ತೆಯ ತೂಕದಷ್ಟು ಜೋಳವನ್ನು ಚೀಲಕ್ಕೆ ತುಂಬಿ ಹಿಂದಿನ ಸೀಟಿನಲ್ಲಿ ಕೂರಿಸಿ ಕುರುಗೋಡಿಗೆ ಹೋದ. ಚೀಲ ಬೀಳಬಾರದೆಂದು ಅದರ ನಡುವಿಗೆ ಅತ್ತೆಯದೇ ಹಳೆಯ ಸೀರೆ ಬಿಗಿದಿದ್ದ. ಅಲ್ಲಿ ಗುರುತಿನವರೊಬ್ಬರು ದೂರದಿಂದಲೇ, "ಅಕ್ಕಾರು ಯಾಕ ಮಾತಾಡವಲ್ರು?" ಎಂದು ಕೇಳಿದರಂತೆ! ಕಾರು ಜೋಳವನ್ನು ಅಳಿಯನಿಗೆ ಕೊಡುವ ಮರ್ಯಾದೆಯಲ್ಲಿ ಕರೆದೊಯ್ದು ಮನೆಗೆ ಮುಟ್ಟಿಸಿತು. ಮೂರನೆಯ ಸಲ ಜೋಳದ ಬದಲು ನಾನು. ಆಗಲೂ ನಿಲ್ಲಲಿಲ್ಲ. ಮಾವನ ಆನಂದಕ್ಕೆ ಪಾರವಿಲ್ಲ. "ಗಾಡಿ ಸರಿ ಆತು! ಇನ್ನ ನೀ ಹತ್ತು, ತೆಕ್ಕಲಕೋಟಿತನ ಹೋಗಿ ಬರೂಣು" ಎಂದು ಅತ್ತೆಯ ಬೆನ್ನು ಹತ್ತಿದ. ಅವಳು ಅರೆಮನಸ್ಸಿನಿಂದ ಒಪ್ಪಿ, ಪದ್ಧತಿಯಂತೆ ಪೂಜೆ ಮಾಡಿ, ಹತ್ತಿದಳು. ನಾನೂ ಹತ್ತಿದೆ.

ತೆಕ್ಕಲಕೋಟೆ ಇನ್ನೂ ಮುಂದಿದೆ ಅನ್ನುವಾಗಲೇ ಕಾರು ಕೆಮ್ಮಿತು, ನಡುಗಿತು, ನಿಂತಿತು.

ಮೂಢನಂಬಿಕೆಯನ್ನು ಸುಳ್ಳುಮಾಡಲು ಹೊರಟ ವಿಜ್ಞಾನದ ಮೇಷ್ಟ್ರು ಅದನ್ನೇ ಪ್ರಯೋಗದಿಂದ ಸಿದ್ಧಪಡಿಸಿಬಿಟ್ಟಿದ್ದ! ಅತ್ತೆ ಕೆಳಗಿಳಿದು, ನಮಗೆ ಬೆನ್ನು ಮಾಡಿ ಜಾಲಿ ಗಿಡದ ನೆರಳಿನಲ್ಲಿ ಕೂತಳು. "ನೋಡಿದ್ರಲ್ಲ. ಜ್ವಾಳದ ಚೀಲಕ್ಕೂ ಕಾಲ್ಗುಣ ಐತಿ, ನನಗಿಲ್ಲ" ಅಂದಳು. ನಗುತ್ತಾ ಹೇಳಲು ನೋಡಿದಳು, ಆಗಲಿಲ್ಲ.

ಮಾವ ಬಾನೆಟ್ ಎತ್ತಿದ, ಮುಚ್ಚಿದ, ಮತ್ತೆ ಎತ್ತಿದ. ಕಾರಿನ ಸುತ್ತ ಓಡಾಡಿದ. ಏನೂ ತೋಚದೆ ಬಿದಿರು ಕಡ್ಡಿ ತಗೊಂಡು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಉಸ್ಸ್" ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಆಗಲೇ ನೋಡಿ, ಮಾವ ನಿಂತದ್ದು! ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಗಿಡದ ಕೆಳಗೆ ಕೂತ ಅತ್ತೆಯ ಬೆನ್ನನ್ನು ನೋಡಿದ. ಕಾಲು ಅಲುಗಲಿಲ್ಲ, ಕೈ ಅಲುಗಲಿಲ್ಲ, ಹುಬ್ಬೂ ಅಲುಗಲಿಲ್ಲ. ನನಗೆ ಗಾಬರಿಯಾಗಿ, "ಮಾವಾ, ಎದಿ ನೋಯಾಕತ್ತೈತೇನು?" ಎಂದು ಕೂಗಿದೆ.

"ಏನಿಲ್ಲ" ಎಂದವನೇ ಮುಚ್ಚಳ ಹಾಕಿ ಕಾರು ಹೊರಡಿಸಿದ. ಮನೆಗೆ ಬಂದು ಕಾರ್ಬೋರೇಟರ್ ಬಿಚ್ಚಿ, ಹತ್ತಿಯ ಒಂದೆಳೆ ನೂಲನ್ನು ಚಿಮಟದಲ್ಲಿ ಹಿಡಿದುಕೊಂಡು ನೇರ ದೊಡ್ಡವ್ವನ ಮನೆಗೆ ಹೋದ. "ತಗಾ, ಇದು ಪೆಟ್ರೋಲ್ ಹೋಗೋ ಜೆಟ್ಟಿನಾಗ ಸಿಕ್ಕಿತ್ತು. ಗಾಡಿ ನಿಂದರ್ಸಿದ್ದು ಇದು. ಕಾಲ್ಗುಣ ಅಂತ ಮತ್ತೊಮ್ಮೆ ಅಂದಿ ಅಂದ್ರ ಇದನ್ನ ನಿನ್ನ ಮೂಗಿನಾಗ ಹಾಕ್ತೀನಿ!" ದೊಡ್ಡವ್ವ ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ತೊಟ್ಟಿಲಿನ ದಿನ ಬಂತು. ಅತ್ತೆ ಎಂದಿಗಿಂತ ದಪ್ಪ ವಿಭೂತಿ ಬಳಿದು ಪೂಜೆ ಮಾಡಿದಳು. ಮಾವ ಅಂದು ರೇಗಲಿಲ್ಲ. ಊರಾಚೆ ತಿರುವಿನಲ್ಲಿ, ಇಂಜಿನ್ ಆರಿಸದೆ, "ಟೈರ್ ನೋಡಿ ಬರ್ತೀನಿ" ಎಂದು ಇಳಿದು ಹಿಂದೆ ಹೋದ. ತಿರುಗಿ ಬಂದವನನ್ನು ನೋಡಿ ನಾವಿಬ್ಬರೂ ಬೆಪ್ಪಾದೆವು. ಹಣೆಯ ಮೇಲೆ ವಿಭೂತಿ!

"ಏನ್ರೀ ಇದು?" ಅತ್ತೆ ಸೀಟಿನಲ್ಲೇ ಹೊರಳಿ ಕೇಳಿದಳು.

"ಪ್ರಯೋಗದಾಗ ಸಿದ್ಧ ಆತು" ಎಂದು ಮಾವ ಗೇರು ಹಾಕಿದ.

ರಾರಾವಿಯ ತನಕ ಕಾರು ಒಂದೇ ಒಂದು ಸಲ ಕೂಡ ಕೆಮ್ಮಲಿಲ್ಲ. ತೊಟ್ಟಿಲಿನ ಮೇಲೆ ಬಾಗಿ ಅತ್ತೆ ಮಗುವಿನ ಕಿವಿಯಲ್ಲಿ ಹೆಸರು ಕರೆದಳು. ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವ ಶಾಸ್ತ್ರವಿದೆಯಲ್ಲ, ಅಂದು ಬಿದ್ದ ಅಷ್ಟೂ ಗುದ್ದುಗಳನ್ನು ಅವಳು ನಗುತ್ತಲೇ ತಿಂದಳು.

ಅಲ್ಲಿಂದ ಮುಂದೆ ಇದೇ ರೂಢಿಯಾಯಿತು. ಅತ್ತೆ ಹತ್ತಿದ ದಿನ ಊರಾಚೆ ತಿರುವಿನಲ್ಲಿ ಟೈರ್ ನೋಡುವುದು, ಹಣೆಗೆ ವಿಭೂತಿ ಬರುವುದು. ನನಗೆ ಎಷ್ಟು ದಿನ ಅಂತ ತಡೆಯಲು ಆದೀತು? ಒಂದು ದಿನ ಅತ್ತೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ನಾನೂ ಇಳಿದು ಹಿಂದೆ ಹೋದೆ. ಮಾವ ಮುಚ್ಚಳದ ನಡುವಿನ ವಿಭೂತಿಯನ್ನು ಬೆರಳಿನಿಂದ ಒರೆಸುತ್ತಿದ್ದ. ಕೆಳಗೆ ಸೂಜಿಮೊನೆಯಷ್ಟು ತೂತು ಕಂಡಿತು.

"ಗಾಳಿ ಹೋಗೋ ದಾರಿ ಇದು" ಎಂದು ಪಿಸುಗುಟ್ಟಿದ. "ಇದು ಮುಚ್ಚಿದ್ರ ಟ್ಯಾಂಕಿನಿಂದ ಪೆಟ್ರೋಲ್ ಇಳಿಯಂಗಿಲ್ಲ. ಕಡ್ಡಿ ಹಾಕಾಕ ಮುಚ್ಚಳ ತಗದ ಕೂಡ್ಲೆ ಗಾಳಿ ಸಿಗತೈತಿ, ಹೊಂಡತೈತಿ. ವಿಭೂತಿ ಒಣಗಿ ಉದುರಿದ್ರ ತಾನs ಸರಿ ಆಕ್ಕತಿ. ಆಕಿ ಹತ್ತಿದ ದಿನ ಪೂಜಿ, ಪೂಜಿ ಆದ ದಿನ ಇದು ಬಂದ್."

"ಹಂಗಾರ ಆ ನೂಲು ಬರೀ ನೆಪ ಏನು? ಅತ್ತಿಗೆ ಖರೇ ಹೇಳಬಾರದೇನು?"

"ಏನಂತ? ಗಾಡಿ ನಿಂತಿದ್ದು ನಿನ್ನಿಂದs ಅಂತನಾ?"

ಆದರೂ ಬಾಯಿ ಸುಮ್ಮನಿರದೆ ಕೇಳಿದೆ. "ಒರಸ್ಕೋಳಾಕ ಧೋತ್ರ ಇತ್ತಲ್ಲ, ಹಣಿ ಯಾಕ?"

"ಧೋತ್ರ ತೊಳ್ಯಾಕಿ ಯಾರು? ಹಣಿ ಮ್ಯಾಲಿದ್ರ ಯಾರಿಗೂ ಸಂಶಯ ಬರಂಗಿಲ್ಲ."

"ಮುಚ್ಚಳದ ಅಂಚಿಗೆ ಇನ್ನೊಂದು ತೂತು ಕೊರದಿದ್ರ ಮುಗೀತಿತ್ತಲ್ಲ ಮಾವಾ! ಎರಡು ನಿಮಿಷದ ಕೆಲಸ."

"ಕೊರೀಬಹುದಿತ್ತು" ಅಂದ.

ಆಮೇಲೆ ಮೂರು ಬೆರಳುಗಳನ್ನು ಹಣೆಯ ಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ಎಳೆದುಕೊಂಡ. ಒಂದು ಗಳಿಗೆ ಎಲ್ಲಿಯೂ ನಿಲ್ಲದ ನಮ್ಮ ಮಾವ ಕಾರಿನ ಹಿಂದಿನ ಗಾಜಿನಲ್ಲಿ ಮುಖ ನೋಡಿಕೊಂಡ. ಸಮಾಧಾನವಾಗಲಿಲ್ಲವೇನೋ, ನನ್ನ ಕಡೆ ತಿರುಗಿ ಕೇಳಿದ.

"ಮೂರೂ ನೆಟ್ಟಗ ಅದಾವೇನು, ನೋಡು."