ಗಂಗಾಧರ ಕರ್ನೆಲ್ ತಿರುವಿದ ದಿನ

ಎಲ್ಲಾ ರಾಮಾಯಣ ಶುರುವಾದದ್ದು ಒಂದು ಫೋಟೋದಿಂದ. ಹಿರೇಹಡಗಲಿಯ ವರನೊಬ್ಬ ಕೆಂಪು ಪರದೆಯ ಮುಂದೆ ಪ್ಲಾಸ್ಟಿಕ್ ಗುಲಾಬಿ ಹಿಡಿದು ನಿಂತ ಫೋಟೋ. ಅದು ಕಂಪ್ಯೂಟರಿನ ಹೊಟ್ಟೆಯೊಳಗೆ ಇಳಿಯಲು ಪೂರಾ ಮೂರು ನಿಮಿಷ ತೆಗೆದುಕೊಂಡಿತು. ಗಂಗಾಧರ ಗಡಿಯಾರ ನೋಡಿದ. ಹತ್ತೂಕಾಲು. ಹೊರಗಿನ ಶಾಮಿಯಾನಾದಲ್ಲಿ ಇನ್ನೂ ನೂರಾ ಎಂಬತ್ತು ಅರ್ಜಿಗಳು ತಂತಮ್ಮ ಅಪ್ಪ ಅಮ್ಮಂದಿರ ಕೈಯಲ್ಲಿ ಕಾಯುತ್ತಿದ್ದವು.

ಕೊಟ್ಟೂರಿನ ಪಂಚಾಕ್ಷರಪ್ಪನವರು ನಡೆಸುವ ವಧುವರರ ಕೇಂದ್ರದ ಮೊದಲ ಸಮಾವೇಶ ಅದು. ಎರಡು ಸಾವಿರದ ಐದನೇ ಇಸವಿ, ಭಾನುವಾರ. ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಯಾರಿಗೆ ಯಾರು ಹೊಂದುತ್ತಾರೆ ಅಂತ ಸಂಜೆ ಐದಕ್ಕೆ ಪಟ್ಟಿ ಕೊಡುತ್ತೇವೆ ಎಂದು ಅವರು ಐದು ತಾಲ್ಲೂಕಿಗೆ ಹ್ಯಾಂಡ್‌ಬಿಲ್ ಹಂಚಿಸಿದ್ದರು. ಕಂಪ್ಯೂಟರ್ ಮಾತ್ರ ಯಾರೋ ಬೇಡವೆಂದು ಬಿಟ್ಟದ್ದು. ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಯಾಕೆಂದರೆ ಅದು ಪುಕ್ಕಟೆ, ಮತ್ತು ಪಂಚಾಕ್ಷರಪ್ಪನವರಿಗೆ ಪುಕ್ಕಟೆ ಅಂದರೆ ಸಾಕು, ಉಳಿದದ್ದನ್ನು ಅವರು ಕೇಳುವವರಲ್ಲ.

ಆಪರೇಟರ್ ಗಂಗಾಧರನಿಗೆ ಮೂವತ್ತೆರಡು ವರ್ಷ, ಮದುವೆಯಿಲ್ಲ. ಊರವರಿಗೆಲ್ಲ ಸಂಬಂಧ ಟೈಪ್ ಮಾಡಿಕೊಡುವ ಇವನಿಗೆ ಒಂದು ಸಂಬಂಧ ಕೇಳಲು ಬಾಯಿಲ್ಲ. ಪಂಚಾಕ್ಷರಪ್ಪನವರ ತಮ್ಮನ ಮಗಳು ಅಮೃತಾ ಕೂಡ್ಲಿಗಿಯಲ್ಲಿ ಟೀಚರು, ಭಾನುವಾರ ಬಂದು ಅರ್ಜಿ ಜೋಡಿಸಿಕೊಡುತ್ತಿದ್ದಳು. ಒಂದು ವರ್ಷದಿಂದ ಗಂಗಾಧರ ಸೋಮವಾರದಿಂದಲೇ ಭಾನುವಾರ ಕಾಯುತ್ತಿದ್ದ. ಆವತ್ತು ಬೆಳಿಗ್ಗೆ ಧೈರ್ಯ ಮಾಡಿ, "ಸರ, ನನ್ನದೊಂದು ವಿಷಯ ಮಾತಾಡೂದೈತ್ರಿ," ಅಂದಿದ್ದ.

"ಹೆಣ್ಣಿನ ವಿಷಯ ಹೌದಿಲ್ಲೋ? ಐದರೊಳಗ ಪಟ್ಟಿ ನನ್ನ ಕೈಗಿಡು. ನೀ ಬೆರಳು ತೋರಿಸಿದ ಮನಿಗೆ ನಾನಾ ಹೋಗಿ ಕೇಳ್ತೀನಿ, ಯಾರ ಮನಿ ಆದ್ರೂ ಆಗ್ಲಿ," ಎಂದಿದ್ದರು ಪಂಚಾಕ್ಷರಪ್ಪ.

ಈಗ ಮೂರು ನಿಮಿಷಕ್ಕೊಂದರಂತೆ ನೂರಾ ಎಂಬತ್ತು ಅರ್ಜಿ. ಅದು ಸಂಜೆ ಐದಕ್ಕಲ್ಲ, ರಾತ್ರಿ ಏಳಕ್ಕೂ ಮುಗಿಯುವುದಿಲ್ಲ.

"ಲೇ ಗಂಗಾ, ನಿನ್ನ ಮಶೀನು ಹೊಲ ಉಳಾಕ ಹತ್ತೈತೇನು?" ಅಂತ ಪಕ್ಕದ ಬ್ಯಾಟರಿ ಅಂಗಡಿಯ ನಯಾಜ ಬಂದು ಬೆನ್ನ ಹಿಂದೆ ನಿಂತ. ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ಕಾಯುವ ಕೇಂದ್ರದ ಯುಪಿಎಸ್ ಅನ್ನು ಅವನು ರಿಪೇರಿಗೆಂದು ಒಯ್ದು ತಿಂಗಳಾಗಿತ್ತು. ಅದರ ಮಾತೆತ್ತಿದರೆ ಚಾ ತರಿಸುತ್ತಿದ್ದ.

ಗಂಗಾಧರ ದಾವಣಗೆರೆಯಲ್ಲಿ ಆರು ತಿಂಗಳ ಕೋರ್ಸ್ ಮಾಡಿದವನು. ಯಂತ್ರದ ತಿರುಳಾದ ಕರ್ನೆಲ್ಲಿಗೆ ಕಿವಿ ಹಿಂಡುವುದು ಅವನಿಗೆ ಗೊತ್ತಿತ್ತು. ಖಾನಾವಳಿ ಸಪ್ಲಾಯರ್ ಒಂದೊಂದು ಆರ್ಡರಿಗೂ ಅಡುಗೆಮನೆಗೆ ಓಡಿದರೆ ತಡ. ಹತ್ತು ಆರ್ಡರ್ ತಲೆಯಲ್ಲಿಟ್ಟುಕೊಂಡು ಒಮ್ಮೆ ಹೋದರೆ ಬೇಗ. ಆದರೆ ನಡುವೆ ಅವನು ಜಾರಿ ಬಿದ್ದರೆ ಹತ್ತೂ ಮಂದಿ ಉಪವಾಸ. ಕಂಪ್ಯೂಟರೂ ಹಂಗೇ. ಗಂಗಾಧರ ಕರ್ನೆಲ್ಲಿನ ಸೆಟ್ಟಿಂಗ್ ತಿರುವಿ, ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೋ, ಕರೆಂಟ್ ಹೋದರೂ ಅಳಿಯದ ಡಿಸ್ಕಿಗೆ ಎರಡು ತಾಸಿಗೊಮ್ಮೆ ಬರೆದರೆ ಸಾಕು ಅಂತ ಹೇಳಿದ.

ಹನ್ನೆರಡಕ್ಕೆ ಕರೆಂಟ್ ತೆಗೀತೀವಿ ಅಂತ ಲೈನ್‌ಮನ್ ಮಾರಣ್ಣ ಮೊದಲೇ ಹೇಳಿ ಹೋಗಿದ್ದ. ಹನ್ನೊಂದು ಐವತ್ತೈದಕ್ಕೆ ತಾನೇ ಕೈಯಾರೆ ಡಿಸ್ಕಿಗೆ ಬರೆಸಿದರಾಯಿತು ಎಂದು ಗಂಗಾಧರ ಲೆಕ್ಕ ಹಾಕಿದ.

ಯಂತ್ರ ಗಾಳಿ ಆಯಿತು. ಒಂದು ಫೋಟೋ ಹತ್ತು ಸೆಕೆಂಡು. "ನೋಡ್ರಿಪಾ, ನಮ್ಮ ಹುಡುಗನ ಕೈ," ಎಂದು ಪಂಚಾಕ್ಷರಪ್ಪ ಮಂದಿಯನ್ನು ಕರೆದು ತೋರಿಸಿದರು. ಅಮೃತಾ ಅರ್ಜಿ ಕೊಡುತ್ತಾ, "ಭಾಳ ಜೋರ್ ಅದೀರಿ," ಅಂದಳು. ಗಂಗಾಧರ ಎರಡು ಅರ್ಜಿಗಳಲ್ಲಿ ಗಂಡು ಎನ್ನುವಲ್ಲಿ ಹೆಣ್ಣೆಂದು ಹೊಡೆದು, ತಿದ್ದಿದ.

ಹನ್ನೊಂದು ಐವತ್ತಕ್ಕೆ ನೂರಾ ಐವತ್ತನೇ ಅರ್ಜಿ. ಆಗ ಪರದೆ ಕಪ್ಪಾಯಿತು. ತಲೆ ಮೇಲಿನ ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ಮೂಲೆಯಲ್ಲಿ ಪಂಚಾಕ್ಷರಪ್ಪನವರ ಹೆಂಡತಿ ನಾಗಲಿಂಗಮ್ಮ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಕಡೆ ಕರೆಂಟ್ ಹೋದರೆ ಚಿಂತೆಯಿಲ್ಲ. ವಾಪಸ್ ಬರುವಾಗ ರಭಸದಲ್ಲಿ ಬಂದು ಟೀವಿ, ಫ್ರಿಜ್ಜು ಸುಟ್ಟು ಹಾಕುತ್ತದೆ. ಅದಕ್ಕೇ ಕರೆಂಟ್ ಹೋಗುವ ಮೊದಲೇ ಪ್ಲಗ್ ಕೀಳುವವಳೇ ಈ ಊರಲ್ಲಿ ಒಳ್ಳೆ ಗೃಹಿಣಿ.

"ಹನ್ನೆರಡಕ್ಕ ಹೋಗ್ತೈತಂತ. ಮಶೀನು ಸುಟ್ಟುಗಿಟ್ಟೀತು ಅಂತ ತೆಗೆದೆ ನೋಡಪ್ಪ," ಅಂದರು ನಾಗಲಿಂಗಮ್ಮ, ಒಂದು ಜೀವ ಉಳಿಸಿದವರ ಸಮಾಧಾನದಿಂದ.

ನೂರಾ ಐವತ್ತು ವಧುವರರೂ ಮಾಯ. ಹನ್ನೆರಡಕ್ಕೆ ಹೋಗಬೇಕಾದ ಕರೆಂಟ್ ಆವತ್ತು ಹೋಗಲೂ ಇಲ್ಲ. ಗಂಗಾಧರನಿಗೆ ಅಳು ಬಂತು, ಅತ್ತರೆ ಅಮೃತಾ ನೋಡುತ್ತಾಳೆಂದು ನುಂಗಿಕೊಂಡ.

"ಇದೇನಲೇ ಇದು, ಅಷ್ಟು ಜೋರ್ ಓಡಿಸಿ ಹಳ್ಳಕ್ಕ ಬಿಟ್ಟಿಯಲ್ಲ," ಎಂದು ಪಂಚಾಕ್ಷರಪ್ಪ ಗದರಿದರು. "ನಿಧಾನ ಆದ್ರೂ ಚಿಂತಿಲ್ಲ. ಒಂದಕ್ಷರ ಕಳೀಬಾರ್ದು."

ಗಂಗಾಧರ ಈ ಸಲ ಸೆಟ್ಟಿಂಗನ್ನು ಪೂರಾ ಉಲ್ಟಾ ತಿರುವಿದ. ಪ್ರತಿ ಅಕ್ಷರವನ್ನೂ ಆಗಿಂದಾಗಲೇ ಡಿಸ್ಕಿಗೆ ಬರಿ. ಒಳಗೆ ಚೂರು ಎಡವಟ್ಟಾದರೂ ಕೆಲಸ ನಿಲ್ಲಿಸು, ನೀನಾಗೇ ಆಫ್ ಆಗಿ ಮತ್ತೆ ಶುರುವಾಗು. ಅಷ್ಟು ಭದ್ರ.

ಆ ಯಂತ್ರಕ್ಕೆ ಅಂಟಿಸಿದ್ದ, ಫೋಟೋ ಒಳಗಿಳಿಸುವ ಸ್ಕ್ಯಾನರು ಹತ್ತು ಫೋಟೋಕ್ಕೊಮ್ಮೆ ಕೆಮ್ಮುತ್ತಿತ್ತು. ಕೆಮ್ಮಿದ ಕೂಡಲೇ ಕರ್ನೆಲ್ ಗಾಬರಿಬಿದ್ದು ಎಲ್ಲವನ್ನೂ ನಿಲ್ಲಿಸುತ್ತಿತ್ತು. ಆಮೇಲೆ ಎದ್ದು, ಡಿಸ್ಕನ್ನು ಮೂಲೆಯಿಂದ ಮೂಲೆಗೆ ತಪಾಸಣೆ ಮಾಡಿ, ಇಪ್ಪತ್ತು ನಿಮಿಷದ ಮೇಲೆ "ಹೂಂ, ಹೇಳು" ಅನ್ನುತ್ತಿತ್ತು. ಒಂದಕ್ಷರ ಕಳೆಯಲಿಲ್ಲ ನಿಜ. ಕಳೆಯಲು ಒಳಗೆ ಹೋದದ್ದೇ ಕಡಿಮೆ.

"ಟ್ರಾಕ್ಟರ್ ಬ್ಯಾಟರಿ ಕೊಡ್ಲೇನೋ?" ಅಂದ ನಯಾಜ.

"ನೀ ಮೊದ್ಲು ನಮ್ಮ ಯುಪಿಎಸ್ ಕೊಡು."

"ಚಾ ಹೇಳ್ತೀನಿ ತಡಿ," ಅಂತ ನಯಾಜ ಎದ್ದು ಹೋದ.

ಯಂತ್ರ ನಿಂತಾಗಲೆಲ್ಲ ಪಂಚಾಕ್ಷರಪ್ಪ ಶಾಮಿಯಾನಾಕ್ಕೆ ಹೋಗಿ, "ಇನ್ನ ಇಪ್ಪತ್ತು ನಿಮಿಷರೀ, ಮಂಡಕ್ಕಿ ಮಿರ್ಚಿ ತಗೊಳ್ರಿ," ಎಂದು ಕೈ ಮುಗಿಯುತ್ತಿದ್ದರು. ಹೊರಗೆ ಮೊದಲು ಬೈಗುಳ ಕೇಳಿಸಿತು. ಎರಡನೇ ಸಲ ಬರೀ ಗದ್ದಲ. ಮೂರನೇ ಸಲಕ್ಕೆ ನಗು. ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಗಂಗಾಧರ ಬಾಗಿಲು ಹಾಕಿಕೊಂಡ. ಎರಡು ಸಲ ಚಾ ತಂದಿದ್ದ ಅಮೃತಾ ಮೂರನೇ ಸಲ ಬರಲಿಲ್ಲ.

ಮೂರೂವರೆಗೆ ಅವನಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಬುದ್ಧಿಯೂ ಬಂತು. ಎರಡು ತಾಸೂ ಬೇಡ, ಆಗಿಂದಾಗಲೂ ಬೇಡ. ಐದು ಸೆಕೆಂಡಿಗೊಮ್ಮೆ ಬರಿ ಎಂದ. ಸ್ಕ್ಯಾನರ್ ಕೆಮ್ಮಿದರೆ ಕೆಮ್ಮಲಿ, ನೀನು ಬೀಳಬೇಡ ಎಂದ. ಯಂತ್ರ ಒಪ್ಪಿತು. ಮೊದಲಿನಷ್ಟು ಗಾಳಿಯಲ್ಲ, ಆದರೆ ಹದ. ಅರ್ಜಿ ಮೇಲೆ ಅರ್ಜಿ ಇಳಿಯಿತು. ಬೆರಳು ನೋವಾದವು, ಬೆವರು ಕೀಬೋರ್ಡಿಗೆ ತೊಟ್ಟಿಕ್ಕಿತು, ಗಂಗಾಧರ ತಲೆ ಎತ್ತಲಿಲ್ಲ. ನಾಲ್ಕು ಐವತ್ತಾರಕ್ಕೆ ಪಟ್ಟಿ ಪ್ರಿಂಟ್ ಆಗಿ ಬಂತು. ಅವನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಅವನು ಮಾಡಿರಲಿಲ್ಲ.

ಪಟ್ಟಿ ಹಿಡಿದು ಹೊರಗೆ ಓಡಿದ. ಶಾಮಿಯಾನಾದಲ್ಲಿ ಅರ್ಧ ಕುರ್ಚಿ ಖಾಲಿ. ಉಳಿದವರು ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸುತ್ತಿದ್ದರು.

"ಸರ, ಪಟ್ಟಿ. ಇನ್ನ ನಾಲ್ಕು ನಿಮಿಷ ಐತ್ರಿ," ಅಂದ.

"ಪಟ್ಟಿ ಅತ್ಲಾಗ ಇಡಲೇ," ಅಂದರು ಪಂಚಾಕ್ಷರಪ್ಪ, ಮುಖದ ತುಂಬ ಹಲ್ಲು. "ಹನ್ನೊಂದು ಜೋಡಿ ಕೂಡ್ಯಾವ. ನಿನ್ನ ಮಶೀನು ನಿಂತಾಗೆಲ್ಲ ಮಂದಿಗೆ ಮಾತಾಡೂದು ಬಿಟ್ರ ಬ್ಯಾರೆ ಉದ್ಯೋಗನಾ ಇದ್ದಿಲ್ಲ. ಮುಂದಿನ ತಿಂಗಳು ಹರಪನಹಳ್ಳ್ಯಾಗ ಮಾಡೋಣ. ಅಲ್ಲೂ ಹಿಂಗಾ ನಿಲ್ಲಿಸಬೇಕು ನೋಡು."

"ಹೂನ್ರಿ."

"ನಮ್ಮ ಅಮೃತಾಂದೂ ಆತು. ಹಂಪಸಾಗರದ ಹುಡುಗ, ಅರುಣಕುಮಾರ ಅಂತ. ಇಬ್ರೂ ಮಧ್ಯಾಹ್ನದಿಂದ ಅಲ್ಲೇ ಕುಂತು ಮಾತಾಡಾಕ ಹತ್ಯಾರ."

ಗಂಗಾಧರ ಆ ಕಡೆ ನೋಡಿದ. ಎತ್ತರದ ಹುಡುಗನೊಬ್ಬ ಮಿರ್ಚಿಯ ತುದಿ ಮುರಿದು ಕೊಡುತ್ತಿದ್ದ. ಅಮೃತಾ ಎದ್ದು ಬಂದಳು. "ನೀವು ನಿಧಾನ ಮಾಡಿದ್ದು ಒಳ್ಳೇದಾತು ನೋಡ್ರಿ. ಇಲ್ಲಾಂದ್ರ ಇವರು ಅರ್ಜಿ ಏರಿಸಿ ಒಂದರ ಬಸ್ಸಿಗೇ ಹೋಗಿಬಿಡ್ತಿದ್ರು," ಅಂದಳು. ಗಂಗಾಧರ ಕೈಯಲ್ಲಿದ್ದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿದ.

"ಹಾಂ, ನಿನ್ನ ವಿಷಯ," ಎಂದರು ಪಂಚಾಕ್ಷರಪ್ಪ. "ನಾ ಮಾತಿಗೆ ತಪ್ಪಾಂವಲ್ಲ. ಹೇಳು, ಯಾರ ಮನಿಗೆ ಹೋಗಿ ಕೇಳ್ಲಿ?"

"ಇರ್ಲಿ ಬಿಡ್ರಿ ಸರ."

"ಹಂಗಂದ್ರ ಹೋಗು, ಮಶೀನಂತೂ ಈಗ ಹದಕ್ಕ ಬಂದೈತಿ. ಅಮೃತಾನ ಲಗ್ನಪತ್ರಿಕೆ ಹೊಡೆದು ಕೊಡು. ಬೀಗರು ಹೋಗೂದ್ರೊಳಗ ಓದಿ ತೋರಿಸ್ಬೇಕು."

ಗಂಗಾಧರ ಒಳಗೆ ಬಂದು ಕುಳಿತ. ಚಿರಂಜೀವಿ, ಚಿರಂಜೀವಿ ಸೌಭಾಗ್ಯವತಿ, ಕೆಳಗೆ ಹಂಪಸಾಗರದ ವಿಳಾಸ. ಕೊನೆಯ ಸಾಲು ಮುಗಿದದ್ದೇ ಹಾಳು ಬೆರಳು ಅಭ್ಯಾಸಬಲದಿಂದ ತಾನೇ ಹೋಗಿ ಸೇವ್ ಒತ್ತಿತು. ಅವನು ಪರದೆಯನ್ನೇ ನೋಡುತ್ತಾ ಕುಳಿತ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಕರೆಂಟ್ ಹೋಯಿತು.

ಮಧ್ಯಾಹ್ನ ತೆಗೆಯುವುದನ್ನು ಮರೆತಿದ್ದ ಮಾರಣ್ಣ ಈಗ ನೆನಪಿಸಿಕೊಂಡಿದ್ದ. ಕಪ್ಪಾದ ಪರದೆಯ ಮುಂದೆ ಗಂಗಾಧರನಿಗೆ ದಿನದಲ್ಲಿ ಮೊದಲ ಸಲ ಸ್ವಲ್ಪ ಆಸೆ ಹುಟ್ಟಿತು. ಪತ್ರಿಕೆ ಅಳಿಸಿ ಹೋಗಿದ್ದರೂ ಹೋಗಿರಬಹುದು, ಶಕುನ ಸರಿಯಿಲ್ಲ ಅಂತ ಯಾರಾದರೂ ಒಬ್ಬ ಹಿರಿಯ ಅಂದರೂ ಅಂದಾನು.

ಅರ್ಧ ಗಂಟೆಯ ಮೇಲೆ ಕರೆಂಟ್ ಬಂತು. ಯಂತ್ರ ತಪಾಸಣೆ ಮುಗಿಸಿ ಎದ್ದಿತು. ಲಗ್ನಪತ್ರಿಕೆ ಇದ್ದ ಹಾಗೇ ಇತ್ತು, ಕೊನೆಯ ಪೂರ್ಣವಿರಾಮದ ಸಮೇತ.

"ಏನರ ಹೋತೇನಲೇ?" ಎಂದು ಪಂಚಾಕ್ಷರಪ್ಪ ಹೊರಗಿಂದ ಕೂಗಿದರು.

"ಏನೂ ಹೋಗಿಲ್ರಿ ಸರ, ಭಾಳ ಭದ್ರ ಮಾಡೀನಿ," ಅಂದ ಗಂಗಾಧರ, ಮತ್ತು ಪ್ರಿಂಟ್ ಒತ್ತಿದ.