ನಮ್ಮೂರ ಓಟು, ನನ್ನ ಪಿಎಚ್‌ಡಿ

ಪಿಎಚ್‌ಡಿ ಮಾಡೋನಿಗೆ ನೆಮ್ಮದಿ ಅನ್ನೋದೇ ಇಲ್ಲ. ಒಂದು ಪೇಚಿನಿಂದ ಹೊರಗೆ ಬಂದೆ ಅಂದ್ಕೊಳ್ಳೋದ್ರೊಳಗೆ ಇನ್ನೊಂದು ಬಾಗಿಲಲ್ಲೇ ಕೂತಿರುತ್ತೆ. ತೊಂಬತ್ತರ ದಶಕದಲ್ಲಿ ಸೇಲಂನಲ್ಲಿ ನಾನು ರಾಜ್ಯಶಾಸ್ತ್ರದ ಸಂಶೋಧಕ. ವಿಷಯ, ಹಳ್ಳಿಯವರು ಓಟು ಹಾಕೋ ರೀತಿ.

೧. ಪ್ರಶ್ನೆಪಟ್ಟಿ

ಮೊರಪ್ಪೂರಿನ ಹತ್ತಿರ, ಮನೆಮಾತು ಕನ್ನಡವೇ ಆಗಿರೋ ನಮ್ಮೂರಿಗೇ ಹೋದೆ. "ಯಾರಿಗೆ ಓಟು ಅಂತ ಹೇಗೆ ತೀರ್ಮಾನ ಮಾಡ್ತೀರಾ?" ಅಂದರೆ ಮೊದಲ ಮನೆಯಾಕೆ, "ನಿಮ್ ದೊಡ್ಡಪ್ಪನ್ನ ಕೇಳು" ಅಂದಳು. ಎರಡನೇ ಮನೆ, ಮೂರನೇ ಮನೆ, ಎಲ್ಲ ಕಡೆ ಅದೇ ಉತ್ತರ. ನಮ್ಮ ದೊಡ್ಡಪ್ಪ ಊರಗೌಡ. ಅವನು ನನ್ನ ಪ್ರಶ್ನೆಪಟ್ಟಿಗಳ ಕಂತೆಯನ್ನೇ ಕಿತ್ತುಕೊಂಡ.

"ಬಿಸಿಲಲ್ಲಿ ಯಾಕ್ಲಾ ಅಲೀತೀಯ? ಎಲ್ರುದೂ ನಾನೇ ಬರ್ಕೊಡ್ತೀನಿ."

"ದೊಡ್ಡಪ್ಪಾ, ಇದು ಗುಟ್ಟಾಗಿರಬೇಕು!"

"ಗುಟ್ಟೇ ಕಣ್ಲಾ. ಅವ್ರಿಗೂ ಏಳಾಕಿಲ್ಲ ಬುಡು."

೨. ಗೈಡು

ನಮ್ಮ ಗೈಡು ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ವೈವಾ ಆಗದಿದ್ದರೆ ಹೊಸ ಗೈಡು, ಮತ್ತೆ ಮೊದಲ ಅಧ್ಯಾಯ, ಐದು ವರ್ಷ ನೀರಲ್ಲಿ ಹೋಮ. ನನಗೆ ಅನ್ನ ಸೇರ್ತಿರಲಿಲ್ಲ. ಅವರೋ, ಕೆಂಪು ಪೆನ್ನು ಹಿಡಿದು ನಿಧಾನವಾಗಿ ಕೂತಿದ್ದರು.

"ಇಲ್ಲೊಂದು ಒಳ್ಳೇ ಪ್ಯಾರಾ ಇತ್ತಲ್ಲಯ್ಯಾ, ಯಾವ ಮುಠ್ಠಾಳ ತೆಗೆದ?"

"ನೀವೇ ಸಾರ್, ಹೋದ ತಿಂಗಳು."

ಪೆನ್ನಿಗೆ ಮುಚ್ಚಳ ಹಾಕುತ್ತಾ ಅಂದರು, "ಹಾಗಾದ್ರೆ ಕಾರಣ ಇದ್ದಿರಬೇಕು. ಬೇಡ ಬಿಡು."

೩. ವೈವಾ

ನಿವೃತ್ತಿಗೆ ಎರಡೇ ದಿನ ಬಾಕಿ ಇದ್ದಾಗ ವೈವಾ ಆಯಿತು. ಬಹಿರಂಗ ವೈವಾ, ಯಾರು ಬೇಕಾದರೂ ಬಂದು ಕೂರಬಹುದು. ಅಮ್ಮನ ಬಾಯಿಂದ ಇದನ್ನು ಕೇಳಿದ ದೊಡ್ಡಪ್ಪ, "ಉಡ್ಗ ಒಂಟಿ ಆಗ್ಬುಡ್ತಾನೆ" ಅಂತ ನಲವತ್ತು ಜನರನ್ನು ಲಾರಿ ಹತ್ತಿಸಿ ಕರ್ಕೊಂಡು ಬಂದುಬಿಟ್ಟ!

ಮದರಾಸಿನಿಂದ ಬಂದ ಪರೀಕ್ಷಕರು ಎಲ್ಲರಿಗೂ ಅರ್ಥವಾಗಲಿ ಅಂತ ತಮಿಳಲ್ಲೇ ಕೇಳಿದರು. "ಇಡೀ ಊರು ಒಬ್ಬರ ಮಾತಿನಂತೆ ಓಟು ಹಾಕುತ್ತೆ ಅಂತ ಬರೆದಿದ್ದೀಯ. ಈ ಕಾಲದಲ್ಲಿ ಇದನ್ನ ನಂಬೋದು ಹೇಗಪ್ಪಾ?"

ಗೈಡು ಫ್ಯಾನ್ ನೋಡುತ್ತಾ ಕೂತರು.

ಹಿಂದಿನಿಂದ ದೊಡ್ಡಪ್ಪ ಎದ್ದ. "ಶುದ್ಧ ಸುಳ್ಳು ಸಾರ್! ನಮ್ಮೂರಲ್ಲಿ ಅವರವರ ಓಟು ಅವರವರ ಇಷ್ಟ" ಅಂತ ತಮಿಳಲ್ಲಿ ಗುಡುಗಿದ. ಮುಗೀತು, ಸ್ವಂತ ದೊಡ್ಡಪ್ಪನೇ ನನ್ನ ಮುಳುಗಿಸಿದ ಅಂದ್ಕೊಂಡೆ.

ಅವನು ಹಿಂದೆ ತಿರುಗಿ ಕನ್ನಡದಲ್ಲಿ ಕೂಗಿದ, "ಏನ್ರಲಾ, ನಾನ್ ಏಳಿದ್ದು ಔದಾ? ಕೈ ಎತ್ರಿ!"

ನಲವತ್ತು ಕೈ ಒಟ್ಟಿಗೇ ಮೇಲೆದ್ದವು.

"ಸರಿ ಸರಿ, ಕೈ ಇಳಿಸಿ" ಅಂದರು ಪರೀಕ್ಷಕರು.

ಒಂದು ಕೈಯೂ ಇಳಿಯಲಿಲ್ಲ. ಎಲ್ಲರೂ ದೊಡ್ಡಪ್ಪನ ಮುಖ ನೋಡುತ್ತಿದ್ದರು.

ಪರೀಕ್ಷಕರು ಪೆನ್ನು ತೆಗೆದು ಸಹಿ ಹಾಕಿದರು. ಆಮೇಲೆ ದೊಡ್ಡಪ್ಪನಿಗೆ ಕೈಮುಗಿದು, "ಅಯ್ಯಾ, ಡಾಕ್ಟರೇಟ್ ಕೊಟ್ಟಾಯ್ತು. ಇನ್ನಾದರೂ ಇಳಿಸೋಕೆ ಹೇಳಿ" ಅಂದರು.